ಓದಿದ್ದನ್ನು ಕೇಳುವವರು ಯಾರು?

ನಾಲ್ಕನೇ ತರಗತಿಯ ಮಗುವಿಗೆ ‘ಕಾಗುಣಿತ ಹೇಳು’ ಅನ್ನಿ. ಕ ಕಾ ಕಿ ಕೀ ಅಂತ ಶುರು ಮಾಡಿದರೆ ಕಃ ಬರುವವರೆಗೂ ನಿಲ್ಲುವುದಿಲ್ಲ. ಅದೇ ಮಗುವಿನ ಮುಂದೆ ‘ಕೈ’ ಅಂತ ಒಂದೇ ಅಕ್ಷರ ಬರೆದು, ಇದೇನು ಅಂತ ಕೇಳಿ. ಕೆಲವು ಮಕ್ಕಳು ತುಟಿ ಅಲ್ಲಾಡಿಸುತ್ತಾ ಮತ್ತೆ ಕ ಕಾ ಕಿ ಕೀ ಅಂತ ಮೊದಲಿನಿಂದ ಬಂದು, ‘ಕೈ’ ಬಂದಾಗ ನಿಲ್ಲುತ್ತವೆ. ಸ್ಟಾಪ್ ಎಣಿಸಿಕೊಂಡು ಬಸ್ ಇಳಿಯುವವರ ಹಾಗೆ.

ಗುಡೇಕೋಟೆ ಹೋಬಳಿಯ ಒಂದು ಊರಿನಲ್ಲಿ ನಾವು ಇದನ್ನು ನೋಡಿದೆವು. ‘ಊರಿನ ಹೆಸರು ಹಾಕಬೇಡಿ, ಎಲ್ಲಾ ಊರಾಗೂ ಇದೇ ಕಥೆ’ ಅಂತ ಅಲ್ಲಿನ ಮೇಷ್ಟ್ರು ಹೇಳಿದ್ದರಿಂದ ಹೆಸರು ಬಿಟ್ಟಿದ್ದೇವೆ. ನಾವು ಮೇಷ್ಟ್ರಲ್ಲ, ಪತ್ರಿಕೋದ್ಯಮ ಓದಿದವರು. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಹಳ್ಳಿಗಳಿಂದಲೇ ಬಂದವರು. ನಮ್ಮಲ್ಲಿ ಮೂವರ ಮನೆಯಲ್ಲಿ ಅಪ್ಪ ಅವ್ವ ಇಬ್ಬರಿಗೂ ಓದಲು ಬರುವುದಿಲ್ಲ. ವಾರಕ್ಕೆ ಎರಡು ಸಂಜೆ ಆ ಊರಿಗೆ ಹೋಗಿ ಮಕ್ಕಳ ಜೊತೆ ಕೂರಲು ಮೇಷ್ಟ್ರು ಒಪ್ಪಿದರು. ಅಲ್ಲಿ ಕಂಡದ್ದನ್ನು, ಊರವರು ಮತ್ತು ಶಾಲೆಯವರು ಸೇರಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು. ಮಗುವಿಗೆ ಓದಲು ಬರದಿದ್ದರೆ ಊರಿನವರು ಮೇಷ್ಟ್ರನ್ನು ಬೈಯುತ್ತಾರೆ, ಮೇಷ್ಟ್ರು ತಂದೆ ತಾಯಿಯನ್ನು ಬೈಯುತ್ತಾರೆ, ಇಬ್ಬರೂ ಸೇರಿ ಮಗುವನ್ನು ‘ದಡ್ಡ’ ಅನ್ನುತ್ತಾರೆ. ನಮ್ಮ ಲಿಪಿಯ ಕಷ್ಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕನ್ನಡದಲ್ಲಿ ವರ್ಣಮಾಲೆ ಕಲಿತರೆ ಕೆಲಸ ಅರ್ಧವೂ ಆಗಿಲ್ಲ. ಪ್ರತಿ ವ್ಯಂಜನಕ್ಕೂ ಹತ್ತು ಹನ್ನೆರಡು ರೂಪ, ಆಮೇಲೆ ಒತ್ತಕ್ಷರ. ‘ತ’ಗೆ ಒತ್ತು ಬಂದಾಗ ಕೆಳಗೆ ಕೂರುವ ಗುರುತು ‘ತ’ ಥರ ಕಾಣುವುದೇ ಇಲ್ಲ. ‘ಮ’, ‘ಯ’, ‘ರ’ ಒತ್ತುಗಳೂ ಹಾಗೇ. ಕನ್ನಡ ಮಕ್ಕಳ ಓದಿನ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದ ಸೋನಾಲಿ ನಾಗ್ ಅವರು ಕಂಡುಕೊಂಡದ್ದು ಇದನ್ನೇ: ಈ ಅಕ್ಷರ ರೂಪಗಳೆಲ್ಲ ಕೈಗೆ ಹತ್ತಲು ಮಕ್ಕಳಿಗೆ ನಾಲ್ಕನೇ ಐದನೇ ತರಗತಿಯವರೆಗೂ ಸಮಯ ಬೇಕಾಗುತ್ತದೆ. ಎರಡನೇ ತರಗತಿಯಲ್ಲಿ ತಡವರಿಸುವ ಮಗು ದಡ್ಡ ಅಲ್ಲ, ಅರ್ಧ ದಾರಿಯಲ್ಲಿದೆ ಅಷ್ಟೇ. ಆದರೆ ಆ ಅರ್ಧ ದಾರಿಯಲ್ಲೇ ಕೈಬಿಟ್ಟರೆ ಐದನೇ ತರಗತಿಯಲ್ಲೂ ಅದು ಅಲ್ಲೇ ನಿಂತಿರುತ್ತದೆ. ಸಮಾಜ ವಿಜ್ಞಾನ, ಪರಿಸರ ಅಧ್ಯಯನ, ಲೆಕ್ಕದ ಪ್ರಶ್ನೆ, ಎಲ್ಲವನ್ನೂ ಓದಿಯೇ ತಿಳಿಯಬೇಕಲ್ಲ. ಓದು ನಿಂತರೆ ಎಲ್ಲವೂ ನಿಲ್ಲುತ್ತದೆ. ಏಳನೇ ತರಗತಿ ಮುಗಿಸಿ ಹೈಸ್ಕೂಲು ಸೇರದೆ ಉಳಿದ ಕೆಲವು ಹುಡುಗರನ್ನು ಮಾತಾಡಿಸಿದೆವು. ‘ಫೀಸು ಕಟ್ಟಾಕೆ ಆಗಲಿಲ್ಲ’ ಅಂತ ಯಾರೂ ಹೇಳಲಿಲ್ಲ. ‘ತಲಿಗೆ ಹತ್ತಲಿಲ್ಲ ಸಾರ್’ ಅಂದರು.

ಇನ್ನೊಂದು ಕಷ್ಟ ಮಾತಿನದು. ಆಂಧ್ರದ ರಾಯದುರ್ಗ ಇಲ್ಲಿಂದ ದೂರವಿಲ್ಲ. ಎಷ್ಟೋ ಮನೆಗಳಲ್ಲಿ ತೆಲುಗು ಮಾತು. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ. ಕನ್ನಡ ಆಡುವ ಮನೆಗಳಲ್ಲೂ ‘ಐತೆ’, ‘ಹೊಕ್ಕೀನಿ’ ಅನ್ನುವ ಮಗು ಪುಸ್ತಕದಲ್ಲಿ ‘ಇದೆ’, ‘ಹೋಗುತ್ತೇನೆ’ ನೋಡಿ ಇದು ಬೇರೆ ಭಾಷೆ ಅಂದುಕೊಳ್ಳುತ್ತದೆ. ನಮ್ಮ ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದವರು. ಈ ಸೀಮೆಯ ಮಾತನ್ನೇ ಕಥೆ ಕಾದಂಬರಿಗಳಿಗೆ ತಂದವರು. ‘ಅರಮನೆ’ ಕಾದಂಬರಿಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಮಗು ‘ಐತೆ’ ಅಂತ ಓದಿದರೆ ನಗುವ ದೊಡ್ಡವರಿಗೆ ಇದನ್ನು ನೆನಪು ಮಾಡಬೇಕು ಅನ್ನಿಸುತ್ತದೆ.

ಇದು ನಮ್ಮ ಹೋಬಳಿಯೊಂದರ ಸಮಸ್ಯೆ ಅಲ್ಲ. ‘ಅಸರ್’ ಅನ್ನುವ ಸಮೀಕ್ಷೆ 2005ರಿಂದ ದೇಶದ ಹಳ್ಳಿಗಳಲ್ಲಿ ನಡೆಯುತ್ತಿದೆ. ಸ್ವಯಂಸೇವಕರು ಶಾಲೆಗೆ ಕಾಯದೆ ಮನೆಗೇ ಹೋಗಿ, ಮಗುವಿನ ಕೈಗೆ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಒಂದು ಸಣ್ಣ ಕಥೆ ಇರುತ್ತದೆ. ಕರ್ನಾಟಕದ ಹಳ್ಳಿಗಳಲ್ಲಿ ಐದನೇ ತರಗತಿಯ ಮಕ್ಕಳ ಪೈಕಿ ಆ ಕಥೆ ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 46 ಇದ್ದರು. ಕೊರೊನಾ ಮುಗಿದ ಮೇಲೆ, 2022ರಲ್ಲಿ, ಸುಮಾರು 30ಕ್ಕೆ ಇಳಿದರು. ಸರ್ಕಾರಿ, ಖಾಸಗಿ ಎರಡೂ ಸೇರಿದ ಲೆಕ್ಕ ಇದು. ಕಾನ್ವೆಂಟಿಗೆ ಹಾಕಿದ್ದೇವೆ, ನಮಗೇನು ಚಿಂತೆ ಅನ್ನುವವರೂ ಸ್ವಲ್ಪ ಕೇಳಿಸಿಕೊಳ್ಳಲಿ.

ಆ ಹಾಳೆಯ ಥರದ್ದೇ ಒಂದು ಹಾಳೆ ಮಾಡಿಕೊಂಡು ನಾವೂ ಅರಳಿಕಟ್ಟೆ ಮೇಲೆ ಕೂತೆವು. ಮಕ್ಕಳು ಸಾಲಾಗಿ ಬಂದು ಓದಿದವು, ಊರವರು ಸುತ್ತ ನಿಂತು ನೋಡಿದರು. ಬೇಸಾಯ ಮಾಡುವ ಒಬ್ಬರು ತಮ್ಮ ಮಗ ಎರಡು ಸಾಲು ಓದಿ ನಿಂತಿದ್ದನ್ನು ನೋಡಿ ಏನೂ ಮಾತಾಡದೆ ಬೀಡಿ ಹಚ್ಚಿದರು. ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಒಳ್ಳೆಯ ದರ್ಜೆಯೇ ಇತ್ತಂತೆ.

ಆಮೇಲೆ ಸಭೆ ಆಯಿತು. ಕರ್ನಾಟಕದಲ್ಲಿ 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಎಸ್‌ಡಿಎಂಸಿ ಇದೆ, ಅದರಲ್ಲಿ ಇರುವವರು ಹೆಚ್ಚಾಗಿ ತಂದೆ ತಾಯಿಯರೇ. ‘ಸಮುದಾಯದತ್ತ ಶಾಲೆ’ ಅಂತ ಸಭೆ ಕರೆದು ಮಕ್ಕಳ ಪ್ರಗತಿಯನ್ನು ಪೋಷಕರ ಮುಂದೆ ಇಡುವ ಪದ್ಧತಿಯೂ ಇದೆ. ಆದರೆ ಇಂಥ ಸಭೆಗಳಲ್ಲಿ ನಾವು ಕೇಳಿದ ಮಾತುಗಳು ಹೆಚ್ಚಾಗಿ ಕಾಂಪೌಂಡು, ಶೌಚಾಲಯ, ಬಿಸಿಯೂಟದ ತಟ್ಟೆ, ಸುಣ್ಣ ಬಣ್ಣದವು. ಅವೂ ಬೇಕು, ಇಲ್ಲ ಅನ್ನುವುದಿಲ್ಲ. ನಮ್ಮ ಜನ ಕೊಡುವುದರಲ್ಲಿ ಹಿಂದೆ ಬಿದ್ದವರಲ್ಲ. ಗೋಡೆ ಗಡಿಯಾರ, ಬೀರು, ಮೈಕ್ ಸೆಟ್, ಯಾವ ಶಾಲೆಗೆ ಹೋದರೂ ‘ಇವರ ಸ್ಮರಣಾರ್ಥ’ ಅಂತ ಬರೆದದ್ದು ಕಾಣುತ್ತದೆ. ಓದಿನ ವಿಷಯ ಬಂದಾಗ ಮಾತ್ರ ‘ಅದು ನಿಮ್ಮ ಕೆಲ್ಸ ಮೇಷ್ಟ್ರೇ, ನಮಗೇನು ತಿಳೀತೈತೆ’ ಅಂತ ಮಾತು ಮುಗಿಯುತ್ತದೆ.

ಇಲ್ಲಿ ಉತ್ತರ ಪ್ರದೇಶದ ಒಂದು ಪ್ರಯೋಗದ ವಿಷಯ ಹೇಳಬೇಕು. ಜೌನ್‌ಪುರ ಜಿಲ್ಲೆಯ 280 ಹಳ್ಳಿಗಳಲ್ಲಿ ಅದು ನಡೆಯಿತು. 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಜೊತೆಗಾರರು ‘ಪ್ರಥಮ್’ ಸಂಸ್ಥೆಯ ಜೊತೆ ಸೇರಿ ಮಾಡಿದ್ದು. ಕೆಲವು ಹಳ್ಳಿಗಳಲ್ಲಿ ಸಭೆ ಕರೆದು ಶಿಕ್ಷಣ ಸಮಿತಿಗೆ ಏನೇನು ಅಧಿಕಾರ ಇದೆ ಅಂತ ತಿಳಿಸಿದರು. ಇನ್ನು ಕೆಲವು ಹಳ್ಳಿಗಳಲ್ಲಿ ಅದರ ಜೊತೆಗೆ ಊರವರ ಕೈಯಿಂದಲೇ ಮಕ್ಕಳ ಓದನ್ನು ಪರೀಕ್ಷೆ ಮಾಡಿಸಿದರು. ಮೂರನೇ ಗುಂಪಿನ ಹಳ್ಳಿಗಳಲ್ಲಿ ಇವೆರಡರ ಮೇಲೆ, ಊರಿನದೇ ಹುಡುಗ ಹುಡುಗಿಯರಿಗೆ ಓದಿಸುವ ಸರಳ ವಿಧಾನ ಕಲಿಸಿ, ಶಾಲೆ ಬಿಟ್ಟ ಮೇಲೆ ತರಗತಿ ನಡೆಸಲು ಬಿಟ್ಟರು. ಸಭೆಯಿಂದ ಮಕ್ಕಳ ಓದಿನಲ್ಲಿ ಏನೂ ಬದಲಾಗಲಿಲ್ಲ. ಪರೀಕ್ಷೆಯಿಂದಲೂ ಬದಲಾಗಲಿಲ್ಲ. ಊರಿನ ಹುಡುಗ ಹುಡುಗಿಯರು ನಡೆಸಿದ ತರಗತಿಗೆ ಬಂದ ಮಕ್ಕಳು ಮಾತ್ರ ಓದಿನಲ್ಲಿ ಚೆನ್ನಾಗಿ ಮುಂದೆ ಬಂದರು. ಆದರೆ ಓದು ಬರದ ಮಕ್ಕಳಲ್ಲಿ ಆ ತರಗತಿಗೆ ಬಂದವರೇ ಕಡಿಮೆ ಅನ್ನುವುದೂ ಅದೇ ವರದಿಯಲ್ಲಿದೆ. ಅಂದರೆ ಊರಿಗೆ ಸುದ್ದಿ ಮುಟ್ಟಿಸಿದರೆ ಸಾಲದು. ಯಾರು, ಯಾವ ಹೊತ್ತು, ಯಾವ ಮಗುವಿನ ಜೊತೆ ಕೂರಬೇಕು ಅನ್ನುವುದು ಗೊತ್ತಾಗಬೇಕು. ಬರದ ಮಗುವನ್ನು ಮನೆಗೆ ಹೋಗಿ ಕರೆದು ತರಬೇಕು. ನಮ್ಮ ರಾಜ್ಯದಲ್ಲೂ ‘ಓದು ಕರ್ನಾಟಕ’ ಅಂತ ನಾಲ್ಕು ಐದನೇ ತರಗತಿಗೆ ಇದೇ ದಾರಿಯ ಕಾರ್ಯಕ್ರಮ ನಡೆದಿದೆ. ಅದರಲ್ಲಿ ತರಗತಿ ನೋಡದೆ, ಮಗುವಿಗೆ ಎಷ್ಟು ಬರುತ್ತದೆ ಅನ್ನುವುದನ್ನು ನೋಡಿ ಗುಂಪು ಮಾಡುತ್ತಾರೆ. ಅದು ಶಾಲೆಯ ಒಳಗಿನ ಕೆಲಸ, ಸಂಜೆ ನಾಲ್ಕೂವರೆ ಮೇಲೆ ಏನು ಅನ್ನುವುದು ಊರಿನ ಪ್ರಶ್ನೆ.

ಆ ಸಭೆಯಲ್ಲಿ ಒಬ್ಬ ಅಜ್ಜಿ ಕೇಳಿದ ಮಾತು ಎಲ್ಲರ ಮನಸ್ಸಿನಲ್ಲೂ ಇದ್ದದ್ದೇ. ‘ನಂಗೆ ಅಕ್ಸರ ಗೊತ್ತಿಲ್ಲ ಕಣಪ್ಪಾ. ನಾನೇನು ಹೇಳ್ಕೊಡ್ಲಿ?’

ಮೇಷ್ಟ್ರು ಅಂದರು: ‘ಹೇಳ್ಕೊಡೋದು ಬ್ಯಾಡ ಅಜ್ಜಿ. ನೀನು ಕುಂತು ಕೇಳು ಸಾಕು.’

ಇದು ಹೊಸ ಮಾತೇನಲ್ಲ. ನಮ್ಮ ಊರುಗಳಲ್ಲಿ ಶ್ರಾವಣ ಬಂದರೆ ಗುಡಿಯಲ್ಲಿ ಪುರಾಣ ಹಚ್ಚುತ್ತಾರೆ. ನವರಾತ್ರಿಯಲ್ಲಿ ದೇವಿ ಪುರಾಣ ಓದುತ್ತಾರೆ. ಒಬ್ಬರು ಓದುತ್ತಾರೆ, ಒಬ್ಬರು ಅರ್ಥ ಹೇಳುತ್ತಾರೆ, ಊರೆಲ್ಲ ಕೂತು ಕೇಳುತ್ತದೆ. ಕೇಳುವವರಲ್ಲಿ ಅರ್ಧದಷ್ಟು ಜನಕ್ಕೆ ಅಕ್ಷರ ಬರುವುದಿಲ್ಲ. ಓದುವವರು ಒಂದು ಸಾಲು ಬಿಟ್ಟರೆ ಮಾತ್ರ ಹಿಂದೆ ಕೂತ ಅಜ್ಜಿ ಹಿಡಿಯುತ್ತಾಳೆ. ಬಯಲಾಟದಲ್ಲಿ ರಾತ್ರಿಯಿಡೀ ಮಾತು ಹೇಳುವ ಪಾತ್ರಧಾರಿಗಳಲ್ಲೂ ಎಷ್ಟೋ ಜನ ಕೇಳಿಯೇ ಕಲಿತವರು. ಓದುವವನ ಎದುರು ಕೂತು ಕೇಳುವುದು ಒಂದು ಕೆಲಸ ಅಂತ ಊರಿಗೆ ಗೊತ್ತಿತ್ತು. ಆ ಕೆಲಸವನ್ನು ಮಕ್ಕಳಿಗೆ ಮಾಡಿದ್ದಿಲ್ಲ, ಅಷ್ಟೇ.

ಅವತ್ತಿನಿಂದ ಆ ಊರಿನಲ್ಲಿ ಒಂದು ಕಟ್ಟುಪಾಡು. ರೊಟ್ಟಿ ಬಡಿಯುವ ಹೊತ್ತಿನಲ್ಲಿ ಮಗು ಒಲೆ ಹತ್ತಿರ ಕೂತು ಒಂದು ಪುಟ ಗಟ್ಟಿಯಾಗಿ ಓದಬೇಕು. ಕೇಳುವವರು ತಪ್ಪು ಹಿಡಿಯುವ ಹಾಗಿಲ್ಲ, ಬೈಯುವ ಹಾಗಿಲ್ಲ. ಮಗು ನಿಂತಾಗ ‘ಆಮ್ಯಾಲೇನಾತು?’ ಅಂತ ಕೇಳಬೇಕು. ಆ ಪ್ರಶ್ನೆಗೆ ಇರುವ ಶಕ್ತಿ ನಮ್ಮ ಯಾವ ಚಾರ್ಟಿಗೂ ಇರಲಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಹೇಳುವ ಮಗು ತಾನು ಏನು ಓದಿದೆ ಅನ್ನುವುದನ್ನು ಗಮನಿಸಿರುವುದಿಲ್ಲ. ಆಮೇಲೆ ಏನಾಯಿತು ಅಂತ ಅಜ್ಜಿಗೆ ಹೇಳಬೇಕಾದರೆ ಮತ್ತೆ ಹಿಂದಕ್ಕೆ ಹೋಗಿ ಓದಲೇಬೇಕು. ಎರಡು ತಿಂಗಳಾದ ಮೇಲೆ ಮೇಷ್ಟ್ರು ನಮಗೆ ಹೇಳಿದ್ದು: ತರಗತಿಯಲ್ಲಿ ಓದು ಅಂದಾಗ ತಲೆ ತಗ್ಗಿಸುತ್ತಿದ್ದ ಮಕ್ಕಳಲ್ಲಿ ಕೆಲವರು ಈಗ ಎದ್ದು ನಿಲ್ಲುತ್ತಾರೆ, ತಪ್ಪು ಓದಿದರೂ ಕೂರುವುದಿಲ್ಲ. ಎಲ್ಲ ಮನೆಯಲ್ಲೂ ಇದು ನಡೆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಟಿವಿ ಇರುವ ಮನೆಗಳಲ್ಲಿ ಧಾರಾವಾಹಿ ಹೊತ್ತು, ರೊಟ್ಟಿ ಹೊತ್ತು ಎರಡೂ ಒಂದೇ.

ಓದಲು ಏನಿದೆ ಅನ್ನುವುದು ಅದರ ಮುಂದಿನ ತೊಡಕು. ಪಠ್ಯಪುಸ್ತಕ ಒಂದೇ ಸಾಲದು, ಅದನ್ನು ಮಕ್ಕಳು ಬಾಯಿಪಾಠವೇ ಮಾಡಿಬಿಟ್ಟಿರುತ್ತವೆ. ಪುಟ ನೋಡದೆ ‘ಓದುವ’ ಮಕ್ಕಳನ್ನು ನಾವು ಕಂಡಿದ್ದೇವೆ. ಶಾಲೆಗಳಿಗೆ ಗ್ರಂಥಾಲಯದ ಅನುದಾನದಲ್ಲಿ ಪುಸ್ತಕ ಬರುತ್ತವೆ. ಆದರೆ ನಮ್ಮ ಭಾಗದ ಒಂದು ಶಾಲೆಯಲ್ಲಿ ಚಂದದ ಚಿತ್ರದ ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಕೊಂಡು, ಮೇಲಿನ ಪ್ಲಾಸ್ಟಿಕ್ಕನ್ನೂ ಬಿಚ್ಚದೆ ಕೂತಿದ್ದವು. ಕಾರಣ ಕೇಳಿದರೆ, ‘ಹರಿದರೆ ಲೆಕ್ಕ ಕೊಡೋರು ಯಾರು? ಸ್ಟಾಕ್ ರಿಜಿಸ್ಟರ್‌ನಾಗೆ ನಮ್ಮ ಸಹಿ ಐತೆ’ ಅಂದರು. ಭಯ ಸುಳ್ಳಲ್ಲ. ಗುಡೇಕೋಟೆ ಕಡೆಯ ಈ ಊರಿನಲ್ಲಿ ಆ ಭಯವನ್ನು ಎಸ್‌ಡಿಎಂಸಿ ತನ್ನ ಮೇಲೆ ಹಾಕಿಕೊಂಡಿತು. ಪುಸ್ತಕ ಹರಿದರೆ, ಕಳೆದರೆ ಅದು ಊರಿನ ಜವಾಬ್ದಾರಿ, ಮೇಷ್ಟ್ರದಲ್ಲ ಅಂತ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ, ಹೆಬ್ಬೆಟ್ಟು ಒತ್ತಿದರು. ಅಷ್ಟಾದ ಮೇಲೆ ಬೀರು ತೆರೆಯಿತು. ಪುಸ್ತಕ ಹರಿದವು ಕೂಡ. ಹರಿದದ್ದನ್ನು ಮಕ್ಕಳೇ ಮೈದಾ ಅಂಟು ಹಾಕಿ ಅಂಟಿಸುತ್ತಾರೆ. ಅಂಟಿಸಿದ ಪುಸ್ತಕಕ್ಕೇ ಬೇಡಿಕೆ ಹೆಚ್ಚು ಅಂತ ಮೇಷ್ಟ್ರು ನಗುತ್ತಾರೆ.

ಪಂಚಾಯಿತಿ ಗ್ರಂಥಾಲಯ ಇನ್ನೊಂದು ಆಸರೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮುಂದಿನ ವರ್ಷ, ಶಾಲೆಗಳು ಮುಚ್ಚಿದ್ದಾಗ, ಮಕ್ಕಳ ದಿನದಂದು ‘ಓದುವ ಬೆಳಕು’ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಅಂತ ಇರುತ್ತದೆ. ನಿಮ್ಮ ಮಗುವಿಗೆ ಕಾರ್ಡು ಆಗಿದೆಯಾ ಅಂತ ಇವತ್ತೇ ಕೇಳಿ ನೋಡಿ, ದುಡ್ಡು ಕೊಡುವ ಹಾಗಿಲ್ಲ. ಆದರೆ ಕಾರ್ಡು ಆದರೆ ಓದಿದ ಹಾಗಲ್ಲ. ಗ್ರಂಥಾಲಯ ತೆರೆದಿರುವ ಹೊತ್ತು, ಮಕ್ಕಳು ಬಿಡುವಾಗಿರುವ ಹೊತ್ತು ಒಂದಕ್ಕೊಂದು ಸೇರಬೇಕು. ಅದೂ ಅಲ್ಲದೆ, ಪಂಚಾಯಿತಿ ಕೇಂದ್ರ ಒಂದು ಊರಿನಲ್ಲಿ, ಮಕ್ಕಳು ನಾಲ್ಕು ಊರಿನಲ್ಲಿ. ಕರಡಿ ಓಡಾಡುವ ಗುಡ್ಡದ ಪಕ್ಕದ ದಾರಿಯಲ್ಲಿ ಮುಸ್ಸಂಜೆ ಮಗುವನ್ನು ಪುಸ್ತಕಕ್ಕಾಗಿ ಯಾರು ಕಳಿಸುತ್ತಾರೆ? ಮೇಷ್ಟ್ರು ಸುಲಭದ ದಾರಿ ಹಿಡಿದರು. ಗ್ರಂಥಾಲಯದ ಮೇಲ್ವಿಚಾರಕರ ಜೊತೆ ಮಾತಾಡಿ, ಎರಡು ವಾರಕ್ಕೊಮ್ಮೆ ನಲವತ್ತು ಪುಸ್ತಕದ ಒಂದು ಚೀಲ ಶಾಲೆಗೆ ಬರುವ ಹಾಗೆ ಮಾಡಿದರು. ಹಾಲು ಹಾಕಲು ಡೈರಿಗೆ ಹೋಗುವ ಒಬ್ಬರ ಬೈಕಿನಲ್ಲಿ ಚೀಲ ಬರುತ್ತದೆ, ಹೋಗುತ್ತದೆ. ಡೀಸೆಲ್ ಇಲ್ಲ, ಆದೇಶ ಇಲ್ಲ.

ನಮ್ಮ ಪಾಲಿನ ಕೆಲಸ ಅಂದರೆ ಗೋಡೆ ಪತ್ರಿಕೆ. ನಮಗೆ ಬರುವುದು ಅದೊಂದೇ. ಒಂದು ದೊಡ್ಡ ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನು, ಮಕ್ಕಳೇ ವರದಿಗಾರರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಮಕ್ಕಳು ಊರು ಸುತ್ತಿ ಸುದ್ದಿ ತರುತ್ತಾರೆ. ಈ ತಿಂಗಳು ರೇಷನ್ ಯಾವತ್ತು, ಉದ್ಯೋಗ ಖಾತ್ರಿ ಕೆಲಸ ಎಲ್ಲಿ, ಯಾರ ಬೋರಿಗೆ ನೀರು ಬಿತ್ತು, ಬಸ್ಸಿನ ಹೊತ್ತು ಬದಲಾಯಿತಾ, ಕೊಟ್ಟೂರಿನಲ್ಲಿ ಶೇಂಗಾ ಏನು ರೇಟು. ಮೇಷ್ಟ್ರು ಕಾಗುಣಿತ ತಿದ್ದುತ್ತಾರೆ. ಭಾನುವಾರ ಕಟ್ಟೆ ಪಕ್ಕದ ಗೋಡೆಗೆ ಅಂಟಿಸುತ್ತೇವೆ.

ಮೊದಲ ವಾರ ಎಲ್ಲರೂ ನೋಡಿ ಹೋದರು. ಎರಡನೇ ವಾರ ಒಂದು ಸುದ್ದಿ ಬಂತು: ಹಿಂದಿನ ರಾತ್ರಿ ಶೇಂಗಾ ಹೊಲಕ್ಕೆ ಕರಡಿ ನುಗ್ಗಿದ್ದು. ಬರೆದವನು ಐದನೇ ತರಗತಿಯ ಹುಡುಗ. ಪುಸ್ತಕ ಕೊಟ್ಟರೆ ಎರಡು ಸಾಲಿಗೆ ಸುಸ್ತಾಗುತ್ತಿದ್ದವನು. ಹೊಲ ಅವನ ದೊಡ್ಡಪ್ಪನದು. ಯಾವ ಬದುವಿನಿಂದ ಬಂತು, ಎಷ್ಟು ಸಾಲು ಕೆದರಿತು, ನಾಯಿ ಬೊಗಳಿ ಹೇಗೆ ಓಡಿಸಿದರು ಅಂತ ಹನ್ನೊಂದು ಸಾಲು ಬರೆದಿದ್ದ, ಅರ್ಧ ಒತ್ತಕ್ಷರ ಇಲ್ಲದೆ. ಕಟ್ಟೆ ಮೇಲೆ ಕೂತಿದ್ದ ಹಿರಿಯರಿಗೆ ಸುದ್ದಿ ಬೇಕಿತ್ತು, ಓದಲು ಬರುತ್ತಿರಲಿಲ್ಲ. ‘ಏ ತಮ್ಮಾ, ಏನ್ ಬರದೀಯ, ಓದು’ ಅಂದರು. ಓದಿದ. ಇನ್ನೊಬ್ಬರು ಬಂದರು, ಮತ್ತೆ ಓದಿದ. ಸಂಜೆಯೊಳಗೆ ಅವನು ಆ ಹನ್ನೊಂದು ಸಾಲನ್ನು ಎಷ್ಟು ಸಲ ಓದಿದನೋ ನಮಗೆ ಲೆಕ್ಕ ಸಿಗಲಿಲ್ಲ. ಕೊನೆಗೆ ಪಕ್ಕದ ಸುದ್ದಿಯನ್ನೂ, ರೇಷನ್ ತಾರೀಖನ್ನೂ ಓದಿ ಹೇಳುತ್ತಿದ್ದ. ಅದು ಅವನು ಬರೆದದ್ದಲ್ಲ.

ಅಂದಿನಿಂದ ಹಿರಿಯರೇ ಕಾಯುತ್ತಾರೆ. ಮಗು ತಪ್ಪು ಓದಿದರೆ ಊರಿಗೆ ತಪ್ಪು ತಾರೀಖು ಹೋಗುತ್ತದೆ, ಹಾಗಾಗಿ ಮಗುವೂ ಹುಷಾರಾಗಿ ಓದುತ್ತದೆ. 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಬಂದಾಗ ಮೇಷ್ಟ್ರುಗಳು ಗುಡಿ ಕಟ್ಟೆ, ಮರದ ನೆರಳಿಗೆ ಬಂದು ಪಾಠ ಮಾಡಿದ್ದನ್ನು ಊರು ನೋಡಿತ್ತು. ಸೋಂಕು ಹೆಚ್ಚಾಗಿ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆ ಕಟ್ಟೆಗಳು ಇನ್ನೂ ಅಲ್ಲೇ ಇವೆ.

ಇಷ್ಟೆಲ್ಲ ಹೇಳಿದ ಮೇಲೆ ಕಷ್ಟದ ಭಾಗಕ್ಕೆ ಬರಬೇಕು. ಸುಗ್ಗಿ ಮುಗಿದರೆ ನಮ್ಮ ತಾಲ್ಲೂಕಿನಲ್ಲಿ ಗುಳೆ ಶುರು. ಮಲೆನಾಡಿನ ಕಾಫಿ ತೋಟ, ಮಂಡ್ಯದ ಕಬ್ಬು, ಬೆಂಗಳೂರಿನ ಕಟ್ಟಡ ಕೆಲಸ. ಮನೆಗೆ ಬೀಗ ಬೀಳುತ್ತದೆ, ಮಕ್ಕಳೂ ಜೊತೆಗೆ ಹೋಗುತ್ತವೆ. ಅಜ್ಜ ಅಜ್ಜಿ ಇದ್ದರೆ ಕೆಲವು ಉಳಿಯುತ್ತವೆ. ಸರ್ಕಾರ ಕೆಲವು ಕಡೆ ಋತುಮಾನದ ವಸತಿ ವ್ಯವಸ್ಥೆ ಮಾಡುತ್ತದೆ, ಎಲ್ಲರಿಗೂ ಅದು ಸಿಗುವುದಿಲ್ಲ. ಮೂರು ನಾಲ್ಕು ತಿಂಗಳು ಕಳೆದು ಯುಗಾದಿ ಹೊತ್ತಿಗೆ ತಿರುಗಿ ಬಂದ ಮಗು ಒತ್ತಕ್ಷರ ಪೂರಾ ಮರೆತಿರುತ್ತದೆ. ಪ್ರತಿ ವರ್ಷ ಅರ್ಧ ದಾರಿ ಏರುವುದು, ಮತ್ತೆ ಜಾರುವುದು. ನಮ್ಮ ಅಂದಾಜಿನಲ್ಲಿ ಈ ಭಾಗದ ಓದಿನ ಸಮಸ್ಯೆಯ ಬೇರು ಇಲ್ಲಿದೆ. ಮಳೆ, ಕೂಲಿ, ಸಾಲ ಇವನ್ನು ಬಿಟ್ಟು ಬರೀ ಮೇಷ್ಟ್ರಿಗೆ ತರಬೇತಿ ಕೊಡುತ್ತಾ ಹೋದರೆ ಇದು ಬಗೆಹರಿಯುವುದಿಲ್ಲ.

ಹೋದ ವರ್ಷ ಗುಳೆ ಹೊರಟ ಮನೆಗಳ ಮಕ್ಕಳ ಚೀಲಕ್ಕೆ ಮೇಷ್ಟ್ರು ಎರಡೆರಡು ಪುಸ್ತಕ ಹಾಕಿ ಕಳಿಸಿದರು. ತಂದೆ ತಾಯಿಗೆ ಹೇಳಿದ್ದು ಒಂದೇ: ಭಾನುವಾರ ರಾತ್ರಿ ಮಗು ಒಂದು ಪುಟ ಓದಬೇಕು, ಅದನ್ನು ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಮಾಡಿ ಕಳಿಸಬೇಕು. ಕೆಲವರು ಒಂದೆರಡು ವಾರ ಕಳಿಸಿ ಬಿಟ್ಟರು. ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಕರೆನ್ಸಿ ಖಾಲಿ, ಮಗು ಮಲಗಿಬಿಟ್ಟಿತು, ಹೀಗೆ. ಕೆಲವರು ಕೊನೆವರೆಗೂ ಕಳಿಸಿದರು. ಒಂದು ಹುಡುಗಿ ಚಿಕ್ಕಮಗಳೂರು ಕಡೆಯ ತೋಟದ ಲೈನಿನಿಂದ ಕಳಿಸುತ್ತಿದ್ದ ಮೆಸೇಜನ್ನು ಊರಿನಲ್ಲಿ ಅವಳ ಅಜ್ಜಿ ಪಕ್ಕದ ಮನೆ ಹುಡುಗನ ಫೋನಿನಲ್ಲಿ ಕೇಳುತ್ತಿದ್ದಳು. ಅಜ್ಜಿಯ ಉತ್ತರವೂ ವಾಯ್ಸ್ ಮೆಸೇಜಿನಲ್ಲೇ ಹೋಗುತ್ತಿತ್ತು. ‘ಆಮ್ಯಾಲೇನಾತವ್ವಾ? ಅಷ್ಟಕ್ಕೇ ಯಾಕ ನಿಲ್ಲಿಸಿದಿ?’ ಮುಂದಿನ ಭಾನುವಾರದವರೆಗೆ ಕಾಯದೆ ಹುಡುಗಿ ಬುಧವಾರವೇ ಇನ್ನೊಂದು ಪುಟ ಓದಿ ಕಳಿಸಿದ್ದುಂಟು.

ಮೇಷ್ಟ್ರಿಗೆ ವರ್ಗಾವಣೆ ಕೌನ್ಸೆಲಿಂಗ್ ಈ ಸಲ ಬರಬಹುದು ಅನ್ನುತ್ತಿದ್ದಾರೆ. ಅವರು ಹೋದರೆ ಏನು ಅಂತ ಸಭೆಯಲ್ಲಿ ನಾವೇ ಕೇಳಿದೆವು. ಯಾರೂ ತಕ್ಷಣ ಮಾತಾಡಲಿಲ್ಲ. ಈಗ ಬೀರುವಿನ ಕೀ ಮೂರು ಮಾಡಿಸಿದ್ದಾರೆ. ಒಂದು ಶಾಲೆಯಲ್ಲಿ, ಒಂದು ಎಸ್‌ಡಿಎಂಸಿಯ ಒಬ್ಬ ತಾಯಿಯ ಹತ್ತಿರ, ಇನ್ನೊಂದು ಅಂಗನವಾಡಿಯಲ್ಲಿ. ಡೈರಿಗೆ ಹೋಗುವವರು ಚೀಲ ತರುವುದನ್ನು ಬಿಟ್ಟಿಲ್ಲ. ಗೋಡೆ ಪತ್ರಿಕೆಗೆ ನಾವು ಹೋಗದ ವಾರವೂ ಮಕ್ಕಳೇ ಶೀಟು ಅಂಟಿಸಿ ಫೋಟೋ ಕಳಿಸಿದ್ದಾರೆ. ಅದರಲ್ಲಿ ‘ಮಳೆ’ಗೆ ‘ಮಳೇ’ ಅಂತ ಬರೆದಿದ್ದಾರೆ. ತಿದ್ದಿದವರು ಯಾರೋ ಕೆಂಪು ಪೆನ್ನಿನಲ್ಲಿ ಸರಿ ಮಾಡಿದ್ದಾರೆ, ಕೈಬರಹ ಮೇಷ್ಟ್ರದಲ್ಲ.